ಬ್ಲೂಟೂತ್ ಮೆಕ್ಯಾನಿಕಲ್ ಕೀಬೋರ್ಡ್: ಲಿನಕ್ಸ್ ಮೇಲೆ ಮೂರು ವರ್ಷ

84 ಕೀ, ಬ್ಲೂಟೂತೂ ಉಂಟು ಯುಎಸ್‌ಬಿ-ಸಿ ಕೇಬಲ್ಲೂ ಉಂಟು, ಪ್ರತಿ ಕೀ ಕೆಳಗೆ ಕಿತ್ತು ಬದಲಿಸಬಹುದಾದ ಸ್ವಿಚ್, ಪಕ್ಕದಲ್ಲಿ ಎರಡು ಪುಟ್ಟ ಸ್ಲೈಡರ್. ಮಿಂಟ್ ಮತ್ತು ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಗಳ ಮೇಲೆ ಮೂರು ವರ್ಷ ದಿನವಿಡೀ ಬಳಸಿದ ಮೇಲಿನ ಲೆಕ್ಕ ಇದು: ಟೈಪಿಂಗ್‌ಗೆ ಐದಕ್ಕೆ ಐದು, ಲಿನಕ್ಸ್ ಜೊತೆ ಹೊಂದಿಕೊಳ್ಳುವುದಕ್ಕೆ ಮೂರೂವರೆ.

ಮೊದಲ ತಕರಾರು ಮೇಲಿನ ಎಫ್1-ಎಫ್12 ಸಾಲಿನದು. ಎಫ್1 ಒತ್ತಿದರೆ ಸಹಾಯದ ಕಿಟಕಿ ಬರುವುದಿಲ್ಲ, ಪರದೆಯ ಬೆಳಕು ಇಳಿಯುತ್ತದೆ. ಎಫ್5 ಒತ್ತಿದರೆ ಪುಟ ರಿಫ್ರೆಶ್ ಆಗುವುದಿಲ್ಲ. ಕೀ ಕೆಟ್ಟಿದೆ ಎಂದು ವಾಪಸ್ ಕಳಿಸುವವರೇ ಹೆಚ್ಚು. ಕೇಬಲ್ ಹಾಕಿ, ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ ಎಲ್‌ಎಸ್‌ಯುಎಸ್‌ಬಿ (lsusb) ಕಮಾಂಡ್ ಕೊಟ್ಟು ನೋಡಿ: 05ಎಸಿ:024ಎಫ್. ಆ 05ಎಸಿ ಆ್ಯಪಲ್ ಕಂಪನಿಯ ಗುರುತಿನ ಸಂಖ್ಯೆ. ಕೀಬೋರ್ಡ್ ತಾನು ಆ್ಯಪಲ್ ಎಂದು ಹೇಳಿಕೊಳ್ಳುತ್ತದೆ, ಲಿನಕ್ಸಿನ ತಿರುಳಾದ ಕರ್ನೆಲ್ ಅದನ್ನು ನಂಬಿ ಎಚ್‌ಐಡಿ_ಆ್ಯಪಲ್ (hid_apple) ಡ್ರೈವರ್ ಕೈಗೆ ಕೊಡುತ್ತದೆ. ಮದ್ದು ಆ ಡ್ರೈವರ್ ಮಾಡ್ಯೂಲಿನ ಎಫ್‌ಎನ್‌ಮೋಡ್ (fnmode) ಎಂಬ ಸೆಟ್ಟಿಂಗ್‌ನಲ್ಲಿದೆ. 1 ಎಂದರೆ ಮೀಡಿಯಾ ಕೀಗೆ ಮೊದಲ ಮಣೆ, 2 ಎಂದರೆ ಎಫ್1-ಎಫ್12 ಕೀಗೆ, 0 ಎಂದರೆ ಡ್ರೈವರ್ ಕೈ ಹಾಕುವುದೇ ಇಲ್ಲ. ಮೊದಲು ಸಿಸ್ (/sys) ಫೋಲ್ಡರಿನಲ್ಲಿರುವ ಎಫ್‌ಎನ್‌ಮೋಡ್ ಫೈಲಿಗೆ ರೂಟ್ (ಅಡ್ಮಿನ್) ಆಗಿ 2 ಬರೆದು ನೋಡಿ, ಸರಿಹೋಗದಿದ್ದರೆ 0. ಯಾವುದು ಒಪ್ಪಿತೋ ಅದು ರೀಬೂಟ್ ಆದ ಮೇಲೂ ಉಳಿಯಲು ಮಾಡ್‌ಪ್ರೋಬ್.ಡಿ (modprobe.d) ಫೋಲ್ಡರಿನ ಫೈಲೊಂದರಲ್ಲಿ ಆಪ್ಷನ್ಸ್ (options) ಸಾಲಾಗಿ ಬರೆಯಿರಿ. ಇಲ್ಲಿ ಒಂದು ಹೆಜ್ಜೆ ಮರೆತುಹೋಗುತ್ತದೆ: ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು (update-initramfs -u). ಮಾಡ್ಯೂಲ್ ಬೂಟಿನ ಶುರುವಿನಲ್ಲೇ ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ಆರಂಭಿಕ ಫೈಲ್ ಕಟ್ಟಿನಿಂದ ಲೋಡ್ ಆಗಿಬಿಟ್ಟರೆ ಡಿಸ್ಕಿನಲ್ಲಿ ನೀವು ಬರೆದ ಸಾಲನ್ನು ಅದು ನೋಡುವುದೇ ಇಲ್ಲ.

ಇನ್ನು ಕೀಬೋರ್ಡ್ ಪೂರ್ತಿ ಮೌನವಾದಾಗ. ಸ್ಲೈಡರ್ ಬ್ಲೂಟೂತ್ ಕಡೆ ಇದ್ದರೆ ಕೇಬಲ್ ಬರೀ ಚಾರ್ಜ್ ಮಾಡುತ್ತದೆ, ಅಕ್ಷರ ಕಳಿಸುವುದಿಲ್ಲ. ನಗಬೇಡಿ, ಅರ್ಧ ಕೇಸುಗಳು ಇಲ್ಲೇ ಮುಗಿಯುತ್ತವೆ. ಅದು ಸರಿಯಿದ್ದರೆ, ಒತ್ತಿದ ಕೀಗಳು ಲಿನಕ್ಸಿಗೆ ತಲುಪುತ್ತಿವೆಯೇ ಎಂದು ತೋರಿಸುವ ಇವಿಟೆಸ್ಟ್ (evtest) ಓಡಿಸಬೇಕು. ಕೀಬೋರ್ಡೇ ಇಲ್ಲದೆ ಕಮಾಂಡ್ ಕೊಡುವುದು ಹೇಗೆ? ಪರದೆಯ ಮೇಲಿನ ಕೀಬೋರ್ಡ್‌ನಿಂದ, ಇಲ್ಲವೇ ಫೋನಿನಿಂದ ಎಸ್‌ಎಸ್‌ಎಚ್ (ದೂರದಿಂದ ಕಮಾಂಡ್ ಕೊಡುವ ಸಂಪರ್ಕ) ಮಾಡಿ. ಕೀ ಒತ್ತಿದಾಗ ಇವಿಟೆಸ್ಟ್‌ನಲ್ಲಿ ಸಾಲುಗಳು ಉದುರುತ್ತವೆ, ಎಡಿಟರಿನಲ್ಲಿ ಮಾತ್ರ ಒಂದಕ್ಷರವೂ ಮೂಡುವುದಿಲ್ಲ ಎಂದರೆ ಕೀಬೋರ್ಡ್ ನಿರಪರಾಧಿ. ಆಗ ಸಂಶಯ ಹೋಗಬೇಕಾದ್ದು ಸ್ಲೋ ಕೀಸ್ ಎಂಬ ಸಹಾಯಕ ಸೌಲಭ್ಯದ ಮೇಲೆ. ಯೋಚಿಸುತ್ತಾ ಶಿಫ್ಟ್ ಮೇಲೆ 8 ಸೆಕೆಂಡು ಬೆರಳಿಟ್ಟರೂ ಸಾಕು, ಆ್ಯಕ್ಸೆಸಿಬಿಲಿಟಿ ಶಾರ್ಟ್‌ಕಟ್ ಚಾಲೂ ಇದ್ದರೆ ಅದು ಆನ್ ಆಗುತ್ತದೆ. ಆಮೇಲೆ ಪ್ರತಿ ಕೀಯನ್ನೂ ಒತ್ತಿ ಹಿಡಿದರೆ ಮಾತ್ರ ಅಕ್ಷರ. ಮತ್ತೆ 8 ಸೆಕೆಂಡು ಶಿಫ್ಟ್ ಹಿಡಿದರೆ ಹೋಗುತ್ತದೆ.

ಕೇಬಲ್ಲಿನಲ್ಲಿದ್ದೂ ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಮೊದಲ ಒಂದೆರಡು ಅಕ್ಷರ ನುಂಗುತ್ತಿದ್ದರೆ ಅದು ಯುಎಸ್‌ಬಿ ಆಟೋಸಸ್ಪೆಂಡ್: ವಿದ್ಯುತ್ ಉಳಿಸಲು ಸುಮ್ಮನಿರುವ ಸಾಧನವನ್ನು ಮಲಗಿಸುವುದು. ವಿದ್ಯುತ್ ಉಳಿಸುವ ಸಾಫ್ಟ್‌ವೇರ್‌ಗಳಲ್ಲಿ ಟಿಎಲ್‌ಪಿ ಇನ್‌ಪುಟ್ ಸಾಧನಗಳ ತಂಟೆಗೆ ಹೋಗುವುದಿಲ್ಲ. ಪವರ್‌ಟಾಪ್‌ನ ಆಟೋ-ಟ್ಯೂನ್ ಎಲ್ಲವನ್ನೂ ಮಲಗಿಸುತ್ತದೆ. ಸಿಸ್ ಫೋಲ್ಡರಿನಲ್ಲಿರುವ ಕೀಬೋರ್ಡಿನ ಪವರ್/ಕಂಟ್ರೋಲ್ (power/control) ಫೈಲಿನಲ್ಲಿ ಆಟೋ (auto) ಬದಲು ಆನ್ (on) ಬರೆದರೆ ಸರಿ.

ಬ್ಲೂಟೂತಿನಲ್ಲಿ 10 ನಿಮಿಷಕ್ಕೆ ಕೀಬೋರ್ಡೇ ಮಲಗುತ್ತದೆ, ಮೊದಲ ಒತ್ತು ಎಬ್ಬಿಸುವುದಕ್ಕೇ ಖರ್ಚು. ರೀಬೂಟ್ ಆದಾಗಲೆಲ್ಲ ಸಂಪರ್ಕ ತಪ್ಪುತ್ತಿದ್ದರೆ ಬ್ಲೂಟೂತ್‌ಸಿಟಿಎಲ್ (bluetoothctl) ಕಮಾಂಡಿನಲ್ಲಿ ಪೇರ್ ಮಾಡಿ ಟ್ರಸ್ಟ್ (trust) ಮಾಡುವುದನ್ನು ಮರೆತಿದ್ದೀರಿ. ಬೂಟ್ ಆಗುವಾಗ ಕಾಣುವ ಗ್ರಬ್ ಮೆನು ಮತ್ತು ಡಿಸ್ಕ್ ಎನ್‌ಕ್ರಿಪ್ಷನ್ ಪಾಸ್‌ವರ್ಡ್ ಕೇಳುವ ಹೊತ್ತಿಗೆ ಬ್ಲೂಟೂತ್ ಎದ್ದೇ ಇರುವುದಿಲ್ಲ. ಕೇಬಲ್ ಕೈಗೆ ಸಿಗುವಂತಿರಲಿ.

ಮೂರನೇ ವರ್ಷ ನಿಜವಾಗಿ ಸವೆದದ್ದು ಒಂದೇ ಸ್ವಿಚ್: ಎಫ್ ಅಕ್ಷರದ್ದು. ನುಡಿ ಎಂಬ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಅರ್ಧಾಕ್ಷರ, ಒತ್ತಕ್ಷರ ಎಲ್ಲದಕ್ಕೂ ಅದೇ ಕೀ. ‘ಕನ್ನಡ’ ಎಂದು ಬರೆಯಲೂ ಕೆ, ಎನ್, ಎಫ್, ಎನ್, ಡಬ್ಲ್ಯು. ಸವೆದ ಸ್ವಿಚ್ ಒಮ್ಮೆ ಒತ್ತಿದರೆ ಎರಡು ಸಲ ಕಳಿಸುತ್ತದೆ, ಒತ್ತಕ್ಷರ ಎಡವಟ್ಟಾಗುತ್ತದೆ. ಗ್ನೋಮ್ ಡೆಸ್ಕ್‌ಟಾಪಿನ ಬೌನ್ಸ್ ಕೀಸ್, ಅಂದರೆ ಅದೇ ಕೀ ಬೇಗನೆ ಮತ್ತೆ ಬಂದರೆ ಲೆಕ್ಕಿಸದ ಸೌಲಭ್ಯ, ತಾತ್ಕಾಲಿಕವಾಗಿ ತಡೆಯುತ್ತದೆ, ಆದರೆ ಅದರಲ್ಲಿ ಮೊದಲೇ ಇಟ್ಟಿರುವ ಅವಧಿ 300 ಮಿಲಿಸೆಕೆಂಡು: ಬೇಗ ಬರೆಯುವವರ ‘ತತ’ ಒಂದೇ ‘ತ’ ಆಗಿಬಿಡುತ್ತದೆ. 50ಕ್ಕೆ ಇಳಿಸಿ. ಶಾಶ್ವತ ಪರಿಹಾರಕ್ಕೆ ಇಕ್ಕಳದಿಂದ ಸ್ವಿಚ್ ನೇರ ಮೇಲಕ್ಕೆ ಎಳೆದು, ಕಾಲುಗಳು ಬಾಗದಂತೆ ಹೊಸದನ್ನು ಒತ್ತಿ. ಹೊಸದು ತರುವ ತನಕ, ಅಪರೂಪಕ್ಕೆ ಬಳಸುವ ಸ್ಕ್ರೋಲ್ ಲಾಕೋ ಪಾಜ್ (Pause) ಕೀಯೋ ನಿಮ್ಮ ಕೀಬೋರ್ಡಿನಲ್ಲಿದ್ದರೆ ಅದರ ಸ್ವಿಚ್ಚನ್ನೇ ಕಿತ್ತು ಎಫ್ ಕೆಳಗೆ ಹಾಕಿಕೊಳ್ಳಬಹುದು.