ಚೌಕಟ್ಟು ಅವರದು, ಅಳಿಲು ನಮ್ಮದು: ಮ್ಯಾಜಿಕ್ ಸೆಟ್ ಎಡಿಟರ್ ವಿಮರ್ಶೆ

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡ್ ಆಟಕ್ಕೆ ಸ್ವಂತ ಕಾರ್ಡ್ ಮಾಡಲು ಹೊರಟವರು ಇವತ್ತಲ್ಲ ನಾಳೆ ಮ್ಯಾಜಿಕ್ ಸೆಟ್ ಎಡಿಟರ್ ಇಳಿಸಿಕೊಂಡೇ ಕೊಳ್ಳುತ್ತಾರೆ. ಪುಕ್ಕಟೆ, ಮುಕ್ತ ತಂತ್ರಾಂಶ. ವಿಂಡೋಸ್‌ನಲ್ಲಿ ನೇರವಾಗಿ ನಡೆಯುತ್ತದೆ, ಮ್ಯಾಕ್ ಇರುವವರು ವೈನ್ (ವಿಂಡೋಸ್ ತಂತ್ರಾಂಶವನ್ನು ಬೇರೆಡೆ ನಡೆಸುವ ಸಾಧನ) ಹಾಕಿಕೊಂಡು ಓಡಿಸಬೇಕು. ಮೊಗ ನೋಡಿದರೆ ಹಳೇ ಆಫೀಸ್ ಸಾಫ್ಟ್‌ವೇರ್ ಹಾಗಿದೆ, ಸಣ್ಣ ಸಣ್ಣ ಐಕಾನು, ಬೂದು ಬಣ್ಣ. ಅಷ್ಟಕ್ಕೇ ಮುಚ್ಚಿಬಿಡಬೇಡಿ. ಬ್ರೌಸರ್‌ನಲ್ಲೇ ನಡೆಯುತ್ತಿದ್ದ, ಇದಕ್ಕಿಂತ ಎಷ್ಟೋ ಚೆಂದವಿದ್ದ ಕಾರ್ಡ್ ಕಾಂಜುರರ್‌ಗೆ 2022ರಲ್ಲಿ ಆಟದ ಕಂಪನಿ ವಿಝರ್ಡ್ಸ್ ಆಫ್ ದ ಕೋಸ್ಟ್‌ನಿಂದ ಕಾನೂನು ನೋಟಿಸ್ ಬಂದು ಆ ತಾಣ ನಿಂತುಹೋಯಿತು. ಇದಾದರೋ ನಿಮ್ಮ ಕಂಪ್ಯೂಟರಿನೊಳಗೇ ಕೂತಿರುತ್ತದೆ.

ಇಳಿಸಿಕೊಳ್ಳಬೇಕಾದ್ದು ಎರಡು ಭಾಗ: ತಂತ್ರಾಂಶ ಒಂದು, ಕಾರ್ಡಿನ ಟೆಂಪ್ಲೇಟುಗಳ ಕಟ್ಟು ಇನ್ನೊಂದು. ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ, ಅದು ಫಾಂಟ್. 2014ರಲ್ಲಿ ಬಂದ ಎಂ15 (ಮ್ಯಾಜಿಕ್ 2015) ಚೌಕಟ್ಟಿನಲ್ಲಿ ಹೆಸರು ಮತ್ತು ಟೈಪ್ ಸಾಲಿಗೆ (ಕಾರ್ಡ್ ಯಾವ ಬಗೆಯದೆಂದು ಹೇಳುವ ಸಾಲು) ಬೆಲೆರೆನ್, ನಿಯಮದ ಪಠ್ಯಕ್ಕೆ ಎಂಪ್ಲಾಂಟಿನ್. 2003ರ ಎಂಟನೇ ಆವೃತ್ತಿಯ ಚೌಕಟ್ಟಿಗೆ ಹೆಸರಿನ ಜಾಗದಲ್ಲಿ ಮ್ಯಾಟ್ರಿಕ್ಸ್ ಬೋಲ್ಡ್. ಫಾಂಟನ್ನು ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡದಿದ್ದರೆ ತಂತ್ರಾಂಶ ಕೈಗೆ ಸಿಕ್ಕಿದ ಯಾವುದೋ ಫಾಂಟ್ ಹಾಕಿಕೊಳ್ಳುತ್ತದೆ, ಅಕ್ಷರದ ಅಗಲ ಬದಲಾಗಿ ಸಾಲುಗಳು ಬೇರೆಡೆ ಮುರಿಯುತ್ತವೆ. "ಟೆಂಪ್ಲೇಟೇ ಸರಿ ಇಲ್ಲ" ಎಂದು ಗೊಣಗುವವರ ಪೈಕಿ ಅರ್ಧಕ್ಕರ್ಧ ಮಂದಿಯ ಸಮಸ್ಯೆ ಇದೇ.

ಒಂದು ಕಾರ್ಡ್ ಮಾಡಿಯೇ ನೋಡೋಣ. ಪಶ್ಚಿಮಘಟ್ಟದ ಕೆಂದಳಿಲು, ಇಂಗ್ಲಿಷಿನ ಜೈಂಟ್ ಸ್ಕ್ವಿರಲ್. ಮ್ಯಾಜಿಕ್‌ನಲ್ಲಿ ಅಳಿಲಿಗೆ ತನ್ನದೇ ಜಾತಿ ಉಂಟು, ಟೈಪ್ ಸಾಲಿನಲ್ಲಿ "ಕ್ರೀಚರ್, ಸ್ಕ್ವಿರಲ್" ಎಂದೇ ಬರುತ್ತದೆ. ಇಲ್ಲಿ ಹೊಸ ಜಾತಿ ಹುಟ್ಟಿಸುವ ಆಸೆ ಬೇಡ. "ಜೈಂಟ್ ಸ್ಕ್ವಿರಲ್" ಅಂತ ಬರೆದರೆ ಅಳಿಲುಗಳಿಗೆಲ್ಲ ಬಲ ಕೊಡುವ ಅಧಿಕೃತ ಕಾರ್ಡುಗಳ ಜೊತೆ ಸೇರಿಸಬೇಕೋ ಬೇಡವೋ ಎಂಬ ಜಗಳ ಮೇಜಿನ ಮೇಲೆ ಶುರು. ದೊಡ್ಡದು ಎನ್ನುವುದನ್ನು ಚಿತ್ರ ಹೇಳಲಿ, 2/2 ಎಂಬ ಪವರ್-ಟಫ್‌ನೆಸ್ (ಹೊಡೆಯುವ ಬಲ, ತಾಳುವ ಬಲ) ಅಂಕಿ ಹೇಳಲಿ.

ಕಾರ್ಡ್ ಆಡಲು ತೆರಬೇಕಾದ ಮನಾ (ಆಟದೊಳಗಿನ ಶಕ್ತಿ) ಬರೆಯುವ ಬೆಲೆಯ ಜಾಗದಲ್ಲಿ ಜಿ (ಹಸಿರು) ಮತ್ತು 1 ಹೊಡೆದರೆ ತಂತ್ರಾಂಶ ತಾನೇ 1 ಮುಂದೆ ತಂದು ಹಸಿರು ಚಿಹ್ನೆಯನ್ನು ಹಿಂದಿಡುತ್ತದೆ, ಚೌಕಟ್ಟು ತಾನೇ ಹಸಿರಾಗುತ್ತದೆ. ಈ ಜೋಡಣೆಯೇ ಇದರ ದೊಡ್ಡ ಗುಣ. ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಎಂಬ ಚಕ್ರದಲ್ಲಿ ಎರಡು ಬಣ್ಣದ ನಡುವಿನ ಹತ್ತಿರದ ದಾರಿ ಹಿಡಿದು ಚಿಹ್ನೆ ಕೂರಿಸುವುದು ಅಧಿಕೃತ ಪದ್ಧತಿ. ಅದಕ್ಕೇ ಹಸಿರು-ಬಿಳಿ ಕಾರ್ಡಿನಲ್ಲಿ ಹಸಿರು ಮೊದಲು, ಕೆಂಪು-ಬಿಳಿಯಲ್ಲಿ ಕೆಂಪು ಮೊದಲು, ಹಸಿರು-ನೀಲಿಯಲ್ಲಿ ಮತ್ತೆ ಹಸಿರೇ ಮೊದಲು. ಫೋಟೋಶಾಪ್‌ನಲ್ಲಿ ಕೈಯಾರೆ ಮಾಡಿದ ಕಾರ್ಡುಗಳಲ್ಲಿ ಇದು ತಲೆಕೆಳಗಾಗಿರುವುದು ಮಾಮೂಲು. ತಪ್ಪೇನೆಂದು ನೋಡುವವನಿಗೆ ಹೇಳಲು ಬಾರದಿದ್ದರೂ ಕಣ್ಣಿಗೆ ಕಸ ಬಿದ್ದ ಹಾಗೆ ಕಿರಿಕಿರಿಯಾಗುತ್ತದೆ.

ನಿಯಮದ ಪಠ್ಯಕ್ಕೆ ಬಂದಾಗ ತಂತ್ರಾಂಶ ಕೈಬಿಡುತ್ತದೆ. ನೀವು ಏನು ಬರೆದರೂ ಅಂದವಾಗಿ ಕೂರಿಸಿಕೊಡುತ್ತದೆ, ತಪ್ಪನ್ನೂ ಸೇರಿಸಿ. ಕೆಂದಳಿಲು ಆಟಕ್ಕೆ ಬಂದ ಕೂಡಲೇ ಒಂದು ಫುಡ್ ಟೋಕನ್ (ಡೆಕ್ಕಿನಲ್ಲಿಲ್ಲದೆ ಆಟದ ನಡುವೆ ಹುಟ್ಟುವ ಗುರುತು) ಸಿಗಬೇಕು ಎಂದುಕೊಳ್ಳಿ. 2009ಕ್ಕೆ ಮೊದಲು ಇದನ್ನು "ಕಮ್ಸ್ ಇನ್‌ಟು ಪ್ಲೇ" ಎಂದು ಬರೆಯುತ್ತಿದ್ದರು. ಅದೇ ವರ್ಷ ಮ್ಯಾಜಿಕ್ 2010 ಎಂಬ ಸೆಟ್ (ಒಟ್ಟಿಗೆ ಬಿಡುಗಡೆಯಾಗುವ ಕಾರ್ಡುಗಳ ಕಂತು) ಬಂದಾಗ "ಎಂಟರ್ಸ್ ದ ಬ್ಯಾಟಲ್‌ಫೀಲ್ಡ್" ಆಯಿತು. 2024ರ ಬ್ಲೂಮ್‌ಬರೋದಿಂದ ಬರೀ "ಎಂಟರ್ಸ್". ಈಚೆಗೆ ಲೆಜೆಂಡರಿ (ಒಂದೇ ಒಂದು ಇರುವ ಹೆಸರಾಂತ ಪಾತ್ರ) ಅಲ್ಲದ ಕ್ರೀಚರ್ ತನ್ನ ಹೆಸರನ್ನೂ ಹೇಳಿಕೊಳ್ಳುವುದಿಲ್ಲ, "ದಿಸ್ ಕ್ರೀಚರ್" ಎನ್ನುತ್ತದೆ. ಅಂದರೆ ಇವತ್ತಿನ ಸರಿಯಾದ ರೂಪ "ವೆನ್ ದಿಸ್ ಕ್ರೀಚರ್ ಎಂಟರ್ಸ್, ಕ್ರಿಯೇಟ್ ಎ ಫುಡ್ ಟೋಕನ್". ಎಡಿಟರಿನಲ್ಲಿ ~ ಒತ್ತಿದರೆ ಕಾರ್ಡಿನ ಹೆಸರು ತಾನೇ ಬಂದು ಕೂರುವ ಸೌಲಭ್ಯವಿದೆ. ಒಳ್ಳೆಯದೇ, ಆದರೆ ಈಗ ಅದರ ಉಪಯೋಗ ಲೆಜೆಂಡರಿ ಕಾರ್ಡುಗಳಿಗಷ್ಟೇ. ಹಾಗೆಯೇ ಹಳೇ ಕಾರ್ಡ್ ನೋಡಿ ನಕಲು ಮಾಡುವವರ ಕೈಯಲ್ಲಿ ಮನಾ ಕೂಡಿಸುವ ಸಾಲಿನ "ಮನಾ ಪೂಲ್" ಇನ್ನೂ ಬದುಕಿದೆ. 2018ರ ಡೊಮಿನೇರಿಯಾದಿಂದ ಅದು "ಆಡ್" ಮತ್ತು ಚಿಹ್ನೆ, ಅಷ್ಟೆ.

ಹಳೇ ಚೌಕಟ್ಟು ಬಳಸಿದರೆ ಹಳೇ ಭಾಷೆಯೇ ಬೇಕಲ್ಲವೇ ಎಂದು ವಾದಿಸುವವರಿದ್ದಾರೆ. ಬೇಡ. 2021ರ ಟೈಮ್ ಸ್ಪೈರಲ್ ರೀಮಾಸ್ಟರ್ಡ್‌ನಲ್ಲಿ ಕಂಪನಿಯೇ ಹಳೇ ಚೌಕಟ್ಟಿನೊಳಗೆ ಅಂದಿನ ಹೊಸ ಭಾಷೆ ಹಾಕಿ ಅಚ್ಚು ಮಾಡಿತು. ಸಂದೇಹ ಬಂದರೆ ಸ್ಕ್ರೈಫಾಲ್ ಎಂಬ ಕಾರ್ಡ್ ಹುಡುಕುವ ಜಾಲತಾಣ ತೆರೆದು, ನಿಮ್ಮ ಕಾರ್ಡ್ ಮಾಡುವ ಕೆಲಸವನ್ನೇ ಮಾಡುವ ಮೂರು ಅಧಿಕೃತ ಕಾರ್ಡ್ ಹುಡುಕಿ, ಇತ್ತೀಚಿನದರ ವಾಕ್ಯ ಎತ್ತಿಕೊಳ್ಳಿ. ಕೋಲನ್ ಎಡಕ್ಕೆ ತೆರಬೇಕಾದ ಬೆಲೆ, ಬಲಕ್ಕೆ ಆಗುವ ಪರಿಣಾಮ. ಎಡಗಡೆಯಲ್ಲೂ ಮನಾ ಮೊದಲು, ಟ್ಯಾಪ್ ಚಿಹ್ನೆ (ಕಾರ್ಡನ್ನು ಅಡ್ಡ ತಿರುಗಿಸುವುದು) ಆಮೇಲೆ, ಬಲಿ ಕೊಡುವುದು ಕೊನೆಗೆ. ಫುಡ್ ಟೋಕನ್ ಇದೇ ಕ್ರಮದಲ್ಲಿದೆ: 2, ಟ್ಯಾಪ್, ಟೋಕನ್ ಬಲಿ, ಬದಲಿಗೆ 3 ಲೈಫ್.

ಕೀವರ್ಡ್ (ಒಂದು ಸಾಮರ್ಥ್ಯಕ್ಕೆ ಇಟ್ಟ ಚಿಕ್ಕ ಹೆಸರು) ವಿಭಾಗ ಮಾತ್ರ ಸೊಗಸು. "ರೀಚ್" ಎಂದು ಬರೆದರೆ ಇಟಾಲಿಕ್‌ನಲ್ಲಿ ವಿವರಣೆ ತಾನಾಗಿ ಬರುತ್ತದೆ, ಬೇಡವಾದ ಕಾರ್ಡಿನಲ್ಲಿ ಅದನ್ನು ಮರೆಮಾಡಬಹುದು. ಸ್ವಂತ ಕೀವರ್ಡ್ ಸೇರಿಸಲೂ ಬರುತ್ತದೆ. ಸ್ವಾತಂತ್ರ್ಯ ಇಲ್ಲಿ ಧಾರಾಳವಾಗಿ ತೆಗೆದುಕೊಳ್ಳಿ, ಆದರೆ ಒಂದೇ ಒಂದು ಕಾರ್ಡಿನಲ್ಲಿ ಬರುವ ಸಾಮರ್ಥ್ಯಕ್ಕೆ ಕೀವರ್ಡ್ ಹೆಸರು ಕೊಡಬೇಡಿ. ಬಿಡಿಸಿ ಬರೆದರೆ ಸಾಕು.

ಇನ್ನು ಚೌಕಟ್ಟು ಎಷ್ಟು ಮುರಿಯಬಹುದು? ಕಂಪನಿಯೇ ಬೇಕಾದಷ್ಟು ಮುರಿದಿದೆ. 2007ರ ಫ್ಯೂಚರ್ ಸೈಟ್ ಸೆಟ್‌ನ ಕೆಲವು ಕಾರ್ಡುಗಳಲ್ಲಿ ಬೆಲೆಯ ಚಿಹ್ನೆಗಳನ್ನು ಎಡ ಅಂಚಿನಲ್ಲಿ ಕಮಾನಿನಂತೆ ಇಳಿಸಿದ್ದರು. ಕೈಯಲ್ಲಿ ಕಾರ್ಡುಗಳನ್ನು ಬೀಸಣಿಗೆ ಹಿಡಿದಾಗ ಎಡ ಅಂಚೇ ಕಾಣುವುದು, ಹಾಗಾಗಿ ಅದು ತರ್ಕಬದ್ಧವಾಗಿಯೇ ಇತ್ತು. 2018ರಲ್ಲಿ ಕಥೆ ಹೇಳುವ ಸಾಗಾ ಕಾರ್ಡುಗಳು ಚಿತ್ರವನ್ನು ಬಲಕ್ಕೆ, ಪಠ್ಯವನ್ನು ಎಡಕ್ಕೆ ಉದ್ದುದ್ದ ನಿಲ್ಲಿಸಿದವು. 2019ರ ಥ್ರೋನ್ ಆಫ್ ಎಲ್ಡ್ರೇನ್‌ನಿಂದ ಶೋಕೇಸ್ ಎಂಬ ವಿಶೇಷ ಅಲಂಕಾರದ ಚೌಕಟ್ಟುಗಳ ಸುಗ್ಗಿ. ಇಷ್ಟೆಲ್ಲ ಆದರೂ ಸಾಮಾನ್ಯ ಕ್ರೀಚರ್ ಕಾರ್ಡಿನ ಶೋಕೇಸ್‌ನಲ್ಲಿ ಹೆಸರು ಮೇಲೆ ಎಡಕ್ಕೆ, ಬೆಲೆ ಮೇಲೆ ಬಲಕ್ಕೆ, ಪವರ್-ಟಫ್‌ನೆಸ್ ಕೆಳಗೆ ಬಲಮೂಲೆಗೆ. ಎದುರಾಳಿ ಮೇಜಿನ ಆಚೆಯಿಂದ ತಲೆಕೆಳಗಾಗಿ ಓದಬೇಕಾದ್ದು ಇವನ್ನೇ. ಈ ಮೂರನ್ನು ಅಲ್ಲಾಡಿಸದೆ ಗೆರೆ, ಬಳ್ಳಿ, ಹಿನ್ನೆಲೆ, ಅಂಚು ಏನನ್ನು ಬೇಕಾದರೂ ಬದಲಿಸಿ. ಎಡಿಟರಿನಲ್ಲಿ ಟೆಂಪ್ಲೇಟ್ ಎಂದರೆ ಚಿತ್ರಗಳು ಮತ್ತು ಒಂದು ಪಠ್ಯ ಕಡತವಿರುವ ಫೋಲ್ಡರ್, ಅಷ್ಟೆ. ಅದರ ಪ್ರತಿ ತೆಗೆದು ಚೌಕಟ್ಟಿನ ಚಿತ್ರ ಬದಲಿಸಿದರೆ ಹೊಸ ಶೈಲಿ ಸಿದ್ಧ. ಅಳತೆಗಳನ್ನು ಮುಟ್ಟದಿರುವುದು ಕ್ಷೇಮ.

ದೊಡ್ಡ ದೋಷ ಒಂದಿದೆ. ಪಠ್ಯ ಜಾಸ್ತಿಯಾದರೆ ತಂತ್ರಾಂಶ ಸದ್ದಿಲ್ಲದೆ ಅಕ್ಷರ ಚಿಕ್ಕದು ಮಾಡುತ್ತ ಹೋಗುತ್ತದೆ, ಎಚ್ಚರಿಕೆ ಕೊಡುವುದಿಲ್ಲ. ಪರದೆಯಲ್ಲಿ ಹಿಗ್ಗಿಸಿ ನೋಡುವಾಗ ಓದಲು ಬರುವುದು ಅಚ್ಚಿನಲ್ಲಿ ಇರುವೆ ಸಾಲು. ಹತ್ತು ಸಾಲು ದಾಟಿದ ಕಾರ್ಡನ್ನು ಶೇ. 100 ಅಳತೆಯಲ್ಲಿ ಮುದ್ರಿಸಿ, ಕೈಯಳತೆ ದೂರ ಹಿಡಿದು ಓದಿ ನೋಡಿ. ಮೊದಲು ಕತ್ತರಿಸಬೇಕಾದ್ದು ಕೆಳಗಿನ ಕಥೆಯ ಸಾಲು, ಆಮೇಲೆ ವಿವರಣೆ, ಆಮೇಲೂ ಹಿಡಿಸದಿದ್ದರೆ ಒಂದು ಸಾಮರ್ಥ್ಯ.

ಕನ್ನಡದಲ್ಲೇ ಕಾರ್ಡ್ ಬೇಕೆನ್ನುವವರಿಗೆ: ಬೆಲೆರೆನ್, ಎಂಪ್ಲಾಂಟಿನ್ ಎರಡರಲ್ಲೂ ಕನ್ನಡ ಅಕ್ಷರಗಳಿಲ್ಲ. ಯಾವುದಾದರೂ ಯೂನಿಕೋಡ್ ಫಾಂಟಿಗೆ ಬದಲಿಸಿಕೊಳ್ಳಿ. ಅವರ ಸಾಲಿನ ಅಂತರ ರೋಮನ್ ಅಕ್ಷರಕ್ಕೆ ಹೊಂದಿಸಿದ್ದು, ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. "ಸ್ಕ್ವಿರಲ್" ಒಂದೇ ಪದ ಸಾಕು ಪರೀಕ್ಷೆಗೆ. ಅಂತರ ಹೆಚ್ಚಿಸಿದರೆ ಪಠ್ಯಕ್ಕೆ ಜಾಗ ಕಮ್ಮಿ, ಆದ್ದರಿಂದ ಕನ್ನಡ ಕಾರ್ಡಿನ ವಾಕ್ಯ ಇಂಗ್ಲಿಷಿಗಿಂತ ಬಿಗಿಯಾಗಿರಲೇಬೇಕು. ಅಂದಹಾಗೆ 2001ರಲ್ಲಿ ಫಂಗಲ್ ಶ್ಯಾಂಬ್ಲರ್ ಎಂಬ ಕಾರ್ಡನ್ನು ಕಂಪನಿ ಸಂಸ್ಕೃತದಲ್ಲೇ ಅಚ್ಚು ಹಾಕಿತ್ತು.

ಅಚ್ಚಿನ ಲೆಕ್ಕ. ಕಾರ್ಡಿನ ಅಳತೆ 63 × 88 ಮಿ.ಮೀ. ಮಾಮೂಲಿ ಟೆಂಪ್ಲೇಟ್ ಕೊಡುವ ಚಿತ್ರ 375 × 523 ಪಿಕ್ಸೆಲ್, ಅಂದರೆ ಸುಮಾರು 150 ಡಿಪಿಐ (ಇಂಚಿಗೆ 150 ಚುಕ್ಕಿ). ಪರದೆಗೆ ಸಾಕು, ಅಚ್ಚಿಗೆ ಮಂಜು. 300 ಡಿಪಿಐಗೆ 744 × 1039 ಬೇಕು, ಅದಕ್ಕೆ ಹೆಚ್ಚಿನ ರೆಸಲ್ಯೂಶನ್ ಇರುವ ಟೆಂಪ್ಲೇಟನ್ನು ಮೊದಲೇ ಆರಿಸಿ. ಚಿಕ್ಕ ಚಿತ್ರವನ್ನು ಆಮೇಲೆ ಹಿಗ್ಗಿಸಿದರೆ ಮಂಜೂ ಹಿಗ್ಗುತ್ತದೆ. ಎ4 ಹಾಳೆಯಲ್ಲಿ ಮೂರು ಮೂರರಂತೆ ಒಂಬತ್ತು ಕಾರ್ಡ್ ಕೂರುತ್ತವೆ: 189 × 264 ಮಿ.ಮೀ. ಪ್ರಿಂಟ್ ಕೊಡುವಾಗ "ಫಿಟ್ ಟು ಪೇಜ್" ತೆಗೆದು "ಆಕ್ಚುಯಲ್ ಸೈಜ್" ಇಡಿ, ಇಲ್ಲದಿದ್ದರೆ ಎಲ್ಲ ಕಾರ್ಡೂ ಎರಡು ಮೂರು ಮಿ.ಮೀ. ಕುಗ್ಗಿ ಪ್ಲಾಸ್ಟಿಕ್ ಕವಚವಾದ ಸ್ಲೀವ್‌ನೊಳಗೆ ಓಲಾಡುತ್ತವೆ. ಆಡಿ ನೋಡಲು ತೆಳು ಹಾಳೆಯೇ ಒಳ್ಳೆಯದು. ಉಕ್ಕಿನ ಸ್ಕೇಲು, ಬ್ಲೇಡು ಹಿಡಿದು ಕತ್ತರಿಸಿ, ಸ್ಲೀವ್‌ನಲ್ಲಿ ಒಂದು ಬೇಸಿಕ್ ಲ್ಯಾಂಡ್ (ಎಲ್ಲರ ಬಳಿಯೂ ಇರುವ ಮಾಮೂಲಿ ಕಾರ್ಡ್) ಮುಂದೆ ತುರುಕಿ. ಪ್ರೆಸ್‌ನಲ್ಲಿ 300 ಜಿಎಸ್‌ಎಂ ಆರ್ಟ್ ಕಾರ್ಡ್ ಎಂದರೆ ಎಲ್ಲರಿಗೂ ತಿಳಿಯುತ್ತದೆ, ಆದರೆ ಅದರ ನಡುವೆ ಆಟದ ಕಾರ್ಡಿನಲ್ಲಿರುವ ಬೆಳಕು ತಡೆಯುವ ಪದರ ಇರುವುದಿಲ್ಲ. ಹಿಂಬದಿ ಕಾಣದ ಸ್ಲೀವ್ ಹಾಕಿಯೇ ಆಡಿ. ಆಟದ ಕಾರ್ಡನ್ನೇ ಅಚ್ಚು ಮಾಡುವವರಿಗೆ ಕಳಿಸುವುದಾದರೆ ನಾಲ್ಕೂ ಕಡೆ ಎಂಟನೇ ಒಂದು ಇಂಚು ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು) ಕೇಳುತ್ತಾರೆ, 300 ಡಿಪಿಐಯಲ್ಲಿ 2.5 × 3.5 ಇಂಚಿನ ಕಾರ್ಡಿಗೆ 825 × 1125 ಪಿಕ್ಸೆಲ್. ಎಡಿಟರ್ ಕೊಡುವುದು ಬ್ಲೀಡ್ ಇಲ್ಲದ ಚಿತ್ರ, ಕಪ್ಪು ಅಂಚನ್ನು ಬೇರೆ ತಂತ್ರಾಂಶದಲ್ಲಿ ಹೊರಕ್ಕೆ ಬೆಳೆಸಬೇಕು. ಅಂಚು ತೆಳ್ಳಗಿಟ್ಟರೆ ಕತ್ತರಿ ಒಂದು ಮಿ.ಮೀ. ಸರಿದರೂ ಸೊಟ್ಟಗೆ ಕಾಣುತ್ತದೆ.

ಸೆಟ್ ಚಿಹ್ನೆ ಬಿಡಿಸುವ ಸಾಧನ ಒಳಗೇ ಇದೆ. ಕಾರ್ಡ್ ಎಷ್ಟು ಅಪರೂಪ ಎಂಬುದಕ್ಕೆ ತಕ್ಕಂತೆ ಕಾಮನ್‌ಗೆ ಕಪ್ಪು, ಅನ್‌ಕಾಮನ್‌ಗೆ ಬೆಳ್ಳಿ, ರೇರ್‌ಗೆ ಚಿನ್ನ, ಮಿಥಿಕ್‌ಗೆ ಕಿತ್ತಳೆ ಬಣ್ಣ ತಾನೇ ಬಳಿಯುತ್ತದೆ. ಅಂಕಿಅಂಶದ ಪುಟದಲ್ಲಿ ಯಾವ ಬೆಲೆಯ ಕಾರ್ಡ್ ಎಷ್ಟು ಎಂದು ಗೊತ್ತಾಗುತ್ತದೆ.

ಕಾನೂನಿನ ಕಡೆ ಬಿಗಿಯಾಗಿರಿ. ವಿಝರ್ಡ್ಸ್‌ನ ಅಭಿಮಾನಿ ನೀತಿಯ ತಿರುಳು ಇಷ್ಟು: ಮಾರಬಾರದು, ಅವರ ಲೋಗೋ ಹಾಕಬಾರದು, ಅನಧಿಕೃತ ಎಂದು ಹೇಳಬೇಕು. ಕಾರ್ಡಿನ ಕೆಳಗಿನ ಹಕ್ಕುಸ್ವಾಮ್ಯದ ಸಾಲಿನಲ್ಲಿ ಅವರ ಹೆಸರು ಬರೆಯದೆ "ಮಾರಾಟಕ್ಕಲ್ಲ" ಎಂದು ಹಾಕಿ. ರೇರ್ ಕಾರ್ಡಿನ ಹೊಳೆಯುವ ಮುದ್ರೆಯನ್ನು ನಕಲು ಮಾಡಬೇಡಿ. 1993ರಿಂದ ಬದಲಾಗದ ಹಿಂಬದಿಯನ್ನಂತೂ ಮುಟ್ಟಲೇಬೇಡಿ. ಅಭಿಮಾನದ ಕಾರ್ಡು ಖೋಟಾ ಕಾರ್ಡಾಗುವುದು ಅಲ್ಲಿಯೇ. ಕಲಾವಿದರ ಹೆಸರಿನ ಜಾಗ ಖಾಲಿ ಬಿಡುವ ಚಾಳಿ ಇದೆ, ಚೌಕಟ್ಟಿನ ಯಾವ ತಪ್ಪಿಗಿಂತಲೂ ಅದು ಕೀಳು.

ಕೊನೆಗೊಂದು ಉಪಯುಕ್ತ ಗುಟ್ಟು. ಎಡಿಟರ್ ಉಳಿಸುವ ಸೆಟ್ ಕಡತ ಅಸಲಿಗೆ ಜಿಪ್ ಕಡತ. ಅದು ತೆರೆಯದೆ ಹಟ ಮಾಡಿದರೆ ಪ್ರತಿ ತೆಗೆದು, ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ಬಿಚ್ಚಿ. ಒಳಗೆ ಚಿತ್ರಗಳು ಬೇರೆ, ಎಲ್ಲ ಕಾರ್ಡುಗಳ ಪಠ್ಯ ಬೇರೆಯಾಗಿ ಸಿಗುತ್ತವೆ. ಪಠ್ಯ ಕಡತವನ್ನು ನೋಟ್‌ಪ್ಯಾಡ್‌ನಲ್ಲೇ ತೆರೆದು, ನೂರು ಕಾರ್ಡುಗಳ "ಎಂಟರ್ಸ್ ದ ಬ್ಯಾಟಲ್‌ಫೀಲ್ಡ್" ಅನ್ನು ಒಂದೇ ಏಟಿಗೆ "ಎಂಟರ್ಸ್" ಮಾಡಬಹುದು. ಸಾಲಿನ ಮೊದಲಿರುವ ಟ್ಯಾಬ್ ಅಳಿಸಬೇಡಿ, ಅಳಿಸಿದರೆ ಕಡತ ಮತ್ತೆ ತೆರೆಯುವುದಿಲ್ಲ.