ಎನ್‌ಐಎಸ್‌ಎಂ ಮೊದಲೋ, ಸಿಎಫ್‌ಎ ಮೊದಲೋ?

ಮ್ಯೂಚುವಲ್ ಫಂಡ್ ಸಂಸ್ಥೆಗಳಲ್ಲಿ ಹೂಡಿಕೆ ನಿರ್ವಹಣೆಯ ಕೆಲಸಕ್ಕೆ ಸೇರಬೇಕೆಂದಿರುವ ಬಿ.ಕಾಂ. ವಿದ್ಯಾರ್ಥಿಯ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ: ಷೇರು ಮಾರುಕಟ್ಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿ ಸ್ಥಾಪಿಸಿದ ಎನ್‌ಐಎಸ್‌ಎಂನ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಸೆಕ್ಯುರಿಟೀಸ್ ಮಾರ್ಕೆಟ್ಸ್) ಪ್ರಮಾಣಪತ್ರ ಪರೀಕ್ಷೆಗಳು ಮತ್ತು ಅಮೆರಿಕದ ಸಿಎಫ್‌ಎ ಇನ್‌ಸ್ಟಿಟ್ಯೂಟ್‌ನ ಮೂರು ಹಂತಗಳ ಸಿಎಫ್‌ಎ (ಚಾರ್ಟರ್ಡ್ ಫೈನಾನ್ಷಿಯಲ್ ಅನಲಿಸ್ಟ್) ಪರೀಕ್ಷೆ.

ಎನ್‌ಐಎಸ್‌ಎಂ ಪರೀಕ್ಷೆಗಳಲ್ಲಿ ಹೆಚ್ಚು ಜನ ಬರೆಯುವ 5-ಎ ಸರಣಿಯಲ್ಲಿ 2 ಗಂಟೆಗಳಲ್ಲಿ 100 ಪ್ರಶ್ನೆಗಳಿಗೆ ಉತ್ತರಿಸಬೇಕು. 50 ಅಂಕ ಬಂದರೆ ತೇರ್ಗಡೆ. ಆದರೆ ಅದು ಫಂಡ್ ವಿತರಕರಿಗೆಂದು ರೂಪಿಸಿದ ಪರೀಕ್ಷೆ. ಕಂಪನಿಗಳನ್ನು ಅಧ್ಯಯನ ಮಾಡುವ ಸಂಶೋಧನಾ ವಿಭಾಗದ ಮೇಲೆ ಕಣ್ಣಿಟ್ಟವರಿಗೆ ಸಂಶೋಧನಾ ವಿಶ್ಲೇಷಕರ 15ನೇ ಸರಣಿಯೇ ಹೆಚ್ಚು ಉಪಯುಕ್ತ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಿಎಫ್‌ಎ ಮೊದಲ ಹಂತದಲ್ಲಿ ನಾಲ್ಕೂವರೆ ಗಂಟೆಗಳಲ್ಲಿ 180 ಪ್ರಶ್ನೆಗಳಿದ್ದು, ಸುಮಾರು 300 ಗಂಟೆಗಳ ಓದು ಬೇಕಾಗುತ್ತದೆ. ಪದವಿ ಮುಗಿಯಲು 23 ತಿಂಗಳು ಅಥವಾ ಅದಕ್ಕಿಂತ ಕಡಿಮೆ ಉಳಿದಿರುವಾಗಲೇ ಅದನ್ನು ಬರೆಯಬಹುದು. ಶುಲ್ಕ ಡಾಲರ್‌ಗಳಲ್ಲಿರುವುದರಿಂದ ಮಧ್ಯಮ ವರ್ಗದ ಮನೆಗೆ ಅದು ನಿಜಕ್ಕೂ ಭಾರವೇ, ಹಾಗಾಗಿ ವಿದ್ಯಾರ್ಥಿವೇತನಕ್ಕೆ ಮೊದಲೇ ಅರ್ಜಿ ಹಾಕುವುದು ಒಳ್ಳೆಯದು. ಇಷ್ಟಾದರೂ ಅದು ಕಲಿಸುವ ನೋಟವೇ ಬೇರೆ: 100 ಕೋಟಿ ರೂಪಾಯಿ ಲಾಭ ತೋರಿಸಿದ ಕಂಪನಿಯ ನಗದು ಹರಿವಿನ ಪಟ್ಟಿಯಲ್ಲಿ ವ್ಯವಹಾರದಿಂದ ಕೈಗೆ ಬಂದದ್ದು 30 ಕೋಟಿಯಷ್ಟೇ ಇದ್ದರೆ, ಉಳಿದದ್ದು ಗ್ರಾಹಕರ ಬಾಕಿಯಲ್ಲಿ ಸಿಕ್ಕಿಕೊಂಡಿದೆಯೋ ಗೋದಾಮಿನ ಸರಕಿನಲ್ಲಿ ಕುಳಿತಿದೆಯೋ ಎಂದು ಹುಡುಕುವುದನ್ನು ಅದು ಅಭ್ಯಾಸ ಮಾಡಿಸುತ್ತದೆ.

ಕೈಯಲ್ಲಿ ಹಣ ಕಡಿಮೆಯಿದ್ದು, ಈ ವರ್ಷವೇ ಇಂಟರ್ನ್‌ಶಿಪ್ ಬೇಕೆನ್ನುವವರು 15ನೇ ಸರಣಿಯಿಂದ ಆರಂಭಿಸಲಿ. ಎರಡು ವರ್ಷ ತಾಳ್ಮೆಯಿಂದ ಓದಬಲ್ಲವರು ಸಿಎಫ್‌ಎಗೆ ಹೆಸರು ನೋಂದಾಯಿಸಲಿ. ಆದರೆ ಮೂರೂ ಹಂತ ಗೆದ್ದ ಮೇಲೂ ಚಾರ್ಟರ್, ಅಂದರೆ ಸಿಎಫ್‌ಎ ಎಂಬ ಅಂತಿಮ ಮಾನ್ಯತೆ, ಪಡೆಯಲು ಕನಿಷ್ಠ 36 ತಿಂಗಳಲ್ಲಿ 4,000 ಗಂಟೆಗಳ ಕೆಲಸದ ಅನುಭವ ಬೇಕೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಬೇಕು.