ಪೋಸ್ಟ್‌ಪೇಯ್ಡ್ ಬಿಲ್ಲಿನ ತಕರಾರು: ಅಂಗಡಿ ಕೌಂಟರಿಗಿಂತ ಅಪೀಲು ವಾಸಿ

ಹೊಸ ಕನೆಕ್ಷನ್ ಕೊಡುವುದರಲ್ಲಿ ಹಂಪನಕಟ್ಟೆ, ಕಂಕನಾಡಿ, ಮಣಿಪಾಲದ ಮೊಬೈಲ್ ಕಂಪನಿ ಅಂಗಡಿಗಳು ಚುರುಕು. ಬಿಲ್ಲಿನ ತಕರಾರಿಗೆ ಮಾತ್ರ ಅದೇ ಕೌಂಟರನ್ನು ನಂಬಿ ಕೂರಬೇಡಿ. “ಎಂಟ್ರಿ ಮಾಡಿದ್ದೇವೆ, ಎರಡು ದಿನದಲ್ಲಿ ಸರಿ ಆಗ್ತದೆ” ಅಂದರೆ ಕೂಡಲೇ ಡಾಕೆಟ್ ನಂಬರ್, ಅಂದರೆ ದೂರಿನ ನೋಂದಣಿ ಸಂಖ್ಯೆ, ಕೇಳಿ. ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2012ರ ನಿಯಮದಂತೆ ಪ್ರತಿ ದೂರಿಗೂ ಆ ನಂಬರ್ ಕೊಡಲೇಬೇಕು. ಅದಿಲ್ಲದೆ ನೀವು ಕೌಂಟರಿನಲ್ಲಿ ಆಡಿದ್ದು ದೂರೇ ಅಲ್ಲ, ಬರೀ ಮಾತು.

ದೂರು ಕೊಡುವ ಮೊದಲು ಬಿಲ್ಲನ್ನು ಸಾಲು ಸಾಲಾಗಿ ಓದಿ. ಮೊದಲ ತಿಂಗಳ ಬಿಲ್ ಹೆಚ್ಚಾಗಿ ಕಾಣುವುದು ಸಹಜ: ಕಳೆದ ದಿನಗಳ ಬಾಡಿಗೆಯ ಜೊತೆ ಮುಂದಿನ ತಿಂಗಳ ಬಾಡಿಗೆಯೂ ಸೇರಿರಬಹುದು, ಮೇಲೆ ಶೇ. 18 ಜಿಎಸ್‌ಟಿ. ಇದರ ಬಗ್ಗೆ ಜಗಳ ಮಾಡಿ ಫಲವಿಲ್ಲ. ಕಾಲರ್ ಟ್ಯೂನ್, ಗೇಮ್, ಜ್ಯೋತಿಷ್ಯದಂಥ ಕೇಳದ ಸೇವೆಗಳ ಶುಲ್ಕ ಇದ್ದರೆ ಅದನ್ನು ಬಿಡಬೇಡಿ. 155223ಕ್ಕೆ ‘ಸ್ಟಾಪ್’ ಎಂದು ಇಂಗ್ಲಿಷಿನಲ್ಲಿ ಎಸ್ಎಂಎಸ್ ಕಳಿಸಿ ಸೇವೆ ನಿಲ್ಲಿಸಿ, ಆಮೇಲೆ ಹಣ ವಾಪಸ್ ಕೇಳಿ. ಇಂಥ ಸೇವೆಗೆ ಗ್ರಾಹಕರ ಒಪ್ಪಿಗೆಯನ್ನು ಎರಡು ಸಲ ಪಡೆಯಬೇಕೆಂದು 2013ರಿಂದ ನಿಯಮವಿದೆ. ಆ ಒಪ್ಪಿಗೆಯ ದಾಖಲೆ ತೋರಿಸಿ ಎಂದು ಲಿಖಿತವಾಗಿ ಕೇಳಿ.

ನಮ್ಮ ಕರಾವಳಿಯಲ್ಲಿ ದೊಡ್ಡ ಮೊತ್ತದ ಜಗಳ ಹುಟ್ಟುವುದು ಗಲ್ಫ್ ರೋಮಿಂಗಿನಿಂದ. ಬಜಪೆಯಲ್ಲಿ ವಿಮಾನ ಹತ್ತಿ ದುಬೈಯಲ್ಲೋ ದಮ್ಮಾಮಿನಲ್ಲೋ ಇಳಿದ ಕೂಡಲೇ ಡೇಟಾ ರೋಮಿಂಗ್ ಆನ್ ಇದ್ದರೆ, ಫೋನ್ ಕಿಸೆಯಲ್ಲೇ ಇದ್ದರೂ ಫೋಟೊ ಬ್ಯಾಕಪ್ ಓಡುತ್ತದೆ. ಪ್ಯಾಕ್ ಇಲ್ಲದೆ ಹೀಗೆ ಖರ್ಚಾದ ಡೇಟಾಕ್ಕೆ ದೂರು ಗೆಲ್ಲುವುದು ಕಷ್ಟ. ನೀವು ಊರಲ್ಲಿದ್ದ ದಿನಾಂಕಕ್ಕೆ ಶುಲ್ಕ ಬಿದ್ದಿದ್ದರೆ, ಇಲ್ಲವೇ ಪ್ಯಾಕ್ ಚಾಲ್ತಿಯಲ್ಲಿದ್ದಾಗಲೂ ಬಿದ್ದಿದ್ದರೆ ನಿಮ್ಮ ಪಕ್ಷ ಗಟ್ಟಿ. ಪ್ರತಿ ಬಳಕೆಯ ವಿವರ ಇರುವ ಐಟಮೈಸ್ಡ್ ಬಿಲ್ ತರಿಸಿ ಪಾಸ್‌ಪೋರ್ಟಿನ ಮುದ್ರೆಯೊಂದಿಗೆ ತಾಳೆ ನೋಡಿ. ಸಮಯ ಯಾವ ದೇಶದ್ದು ಎಂಬುದನ್ನೂ ಕೇಳಿ; ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ವಿದೇಶಿ ಕಂಪನಿಯ ಲೆಕ್ಕ ತಡವಾಗಿ ಬರುವುದರಿಂದ ಶುಲ್ಕ ಮುಂದಿನ ತಿಂಗಳ ಬಿಲ್ಲಿನಲ್ಲೂ ಕಾಣಬಹುದು.

ತಕರಾರಿಲ್ಲದ ಮೊತ್ತವನ್ನು ಗಡುವಿನೊಳಗೆ ಕಟ್ಟಿ, ಯಾವ ಸಾಲಿಗೆ ಎಷ್ಟು ಕಟ್ಟಿಲ್ಲ, ಯಾಕೆ ಎಂದು ಇಮೇಲಿನಲ್ಲಿ ಬರೆಯಿರಿ. ಆಟೋಪೇ ಇದ್ದರೆ ಅದನ್ನು ಮೊದಲು ನಿಲ್ಲಿಸಬೇಕು. ಇಲ್ಲವಾದರೆ ತಕರಾರಿನ ಹಣವೂ ಖಾತೆಯಿಂದ ಹೋಗಿ ಕೂತಿರುತ್ತದೆ.

ಆರು ವಾರ ಕಳೆದರೂ ಬಗೆಹರಿಯದಿದ್ದರೆ, ಅಥವಾ ಸಿಕ್ಕ ಉತ್ತರ ಒಪ್ಪಿಗೆಯಾಗದಿದ್ದರೆ, ಅದೇ ಕಂಪನಿಯ ಅಪೀಲು ಪ್ರಾಧಿಕಾರ ಇದೆ. ಇಡೀ ವ್ಯವಸ್ಥೆಯಲ್ಲಿ ನಮಗೆ ಹೆಚ್ಚು ಮೆಚ್ಚುಗೆಯಾದದ್ದು ಇದೇ, ಆದರೆ ಬಳಸುವವರು ಕಡಿಮೆ. ಶುಲ್ಕವಿಲ್ಲ, 30 ದಿನದೊಳಗೆ ಹಾಕಬೇಕು, 39 ದಿನದೊಳಗೆ ತೀರ್ಮಾನ ಆಗಬೇಕು. ಕಡತ ನೋಡುವ ಸಲಹಾ ಸಮಿತಿಯಲ್ಲಿ ಗ್ರಾಹಕ ಸಂಘಟನೆಯ ಒಬ್ಬ ಸದಸ್ಯರೂ ಇರುತ್ತಾರೆ. ಟ್ರಾಯ್‌ಗೆ ನೇರವಾಗಿ ಬರೆದು ಕಾಯುವುದು ವ್ಯರ್ಥ. ವೈಯಕ್ತಿಕ ದೂರುಗಳನ್ನು ಅದು ತೀರ್ಮಾನಿಸುವುದಿಲ್ಲ.

ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಟೆಲಿಕಾಂ ದೂರು ಅಲ್ಲಿ ನಡೆಯುವುದಿಲ್ಲ ಎಂಬ ವಾದ 2022ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಕುಂದಾಪುರದವರು ಉಡುಪಿಯಲ್ಲೇ ಹಾಕಬಹುದು, ಕಂಪನಿಯ ಕಚೇರಿ ಇರುವ ಊರಿಗೆ ಅಲೆಯಬೇಕಿಲ್ಲ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಅರ್ಜಿ ಶುಲ್ಕವೂ ಇಲ್ಲ. ಅದಕ್ಕೂ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ.

ಕನೆಕ್ಷನ್ ಬಿಡುವ ವಿಷಯಕ್ಕೆ ಬಂದರೆ ಫೈಬರ್ ಬ್ರಾಡ್‌ಬ್ಯಾಂಡ್ ಹೆಚ್ಚು ಸತಾಯಿಸುತ್ತದೆ. ‘ಉಚಿತ ರೂಟರ್’ ಎಂದರೆ ಹೆಚ್ಚಾಗಿ ಇಂತಿಷ್ಟು ತಿಂಗಳು ಬಿಡುವಂತಿಲ್ಲ ಎಂಬ ಷರತ್ತು ಜೊತೆಗಿರುತ್ತದೆ. ಫಾರ್ಮಿನಲ್ಲಿ ಆ ಸಾಲು ಎಲ್ಲಿದೆ ಎಂದು ಸಹಿ ಮಾಡುವ ಮೊದಲೇ ಕೇಳಿ. ರೂಟರ್ ವಾಪಸ್ ಕೊಡುವಾಗ ತಳದ ಚೀಟಿಯಲ್ಲಿರುವ ಸೀರಿಯಲ್ ನಂಬರ್ ಮತ್ತು ಅಡಾಪ್ಟರಿನ ಫೋಟೊ ತೆಗೆದು, ಅದೇ ನಂಬರ್ ಬರೆದ ರಸೀದಿಗೆ ಸೀಲು ಹಾಕಿಸಿಕೊಳ್ಳಿ. ಲೈನ್‌ಮ್ಯಾನ್ ಮನೆಗೆ ಬಂದು ಒಯ್ದರೂ ರಸೀದಿ ಬೇಕು. ಮಳೆಗಾಲದ ಸಿಡಿಲಿಗೆ ರೂಟರ್ ಸುಟ್ಟಿದ್ದರೆ ಅದೇ ದಿನ ದೂರು ದಾಖಲಿಸಿ. ಆರು ತಿಂಗಳ ನಂತರ ಹೇಳಿದರೆ ಡೆಪಾಸಿಟ್ಟಿಗೇ ಕತ್ತರಿ.

ಮೊಬೈಲ್ ನಂಬರ್ ಉಳಿಸಿಕೊಂಡು ಹೊರಬರಲು ‘ಪೋರ್ಟ್’ ಎಂದು ಇಂಗ್ಲಿಷಿನಲ್ಲಿ ಬರೆದು, ಒಂದು ಜಾಗ ಬಿಟ್ಟು ನಂಬರ್ ಸೇರಿಸಿ 1900ಕ್ಕೆ ಕಳಿಸಿ. ಬರುವ ಎಂಟು ಅಕ್ಷರದ ಕೋಡ್ ನಾಲ್ಕು ದಿನ ಮಾತ್ರ ನಡೆಯುತ್ತದೆ. ಕೋಡ್ ಬರದಿದ್ದರೆ ಸಾಮಾನ್ಯವಾಗಿ ಕಾರಣ ಇವು: ಗಡುವು ದಾಟಿದ ಬಾಕಿ, ಕನೆಕ್ಷನ್ನಿಗೆ 90 ದಿನ ತುಂಬದಿರುವುದು, ಒಪ್ಪಂದದ ಅವಧಿ ಮುಗಿಯದಿರುವುದು. ಆಫೀಸಿನ ಹೆಸರಿನ ಸಿಮ್ಮಿಗೆ ಸಂಸ್ಥೆಯ ಅನುಮತಿ ಪತ್ರ ಬೇಕು. ರಾಜ್ಯದೊಳಗೆ ಮೂರು ಕೆಲಸದ ದಿನ ಸಾಕು. ತಲಪಾಡಿ ಆಚೆ ತೆಗೆದ ಕೇರಳದ ಸಿಮ್ಮಿಗೆ ಐದು.

ಪೋರ್ಟ್ ಆದ ಮೇಲೂ ಹಳೆಯ ಕಂಪನಿಯ ಕೊನೆಯ ಬಿಲ್ ಬರುತ್ತದೆ. ಅದನ್ನು ಕಟ್ಟದಿದ್ದರೆ ಹೊಸ ಕಂಪನಿಯ ಮೂಲಕವೇ ನಿಮ್ಮ ನಂಬರ್ ಕತ್ತರಿಸಿಸುವ ಅಧಿಕಾರ ಅವರಿಗಿದೆ. ಅದಕ್ಕೇ ಆ ಬಿಲ್ಲು, ಕಟ್ಟಿದ ರಸೀದಿ ಮತ್ತು ಬಾಕಿ ಇಲ್ಲ ಎಂಬ ಇಮೇಲು, ಮೂರನ್ನೂ ಒಟ್ಟಿಗೆ ಇಟ್ಟುಕೊಳ್ಳಿ.